ಹೆಸರಿಗಂಟಿದ ಬಾಲ

ಬದುಕೆಲ್ಲ ಶಾಲೆಯ ಅಡುಗೆಮನೆಯಲ್ಲಿ ದುಡಿದ ಓಜೆಲ್ಲಾ ಪ್ರುವಿಟ್ ಹಾಲನ್ನು ಮೂಸಿ ನೋಡದೆ ಲೋಟಕ್ಕೆ ಸುರಿದವಳಲ್ಲ. ಮನುಷ್ಯರನ್ನೂ ಹಾಗೇ ನೋಡುತ್ತಿದ್ದಳು. ಜಾರ್ಜಿಯಾದ ನಮ್ಮ ಚರ್ಚಿನ ಹಿಂದೆ, ಪೈನ್ ಮರಗಳಡಿ, ಗುಲಾಮರಾಗಿಯೇ ಸತ್ತ ನಮ್ಮ ಹಿರಿಯರ ಗೋರಿಗಳಿವೆ. ಅಲ್ಲೊಂದು ನೆನಪಿನ ಕಲ್ಲು ನಿಲ್ಲಿಸಲು ನಾವು ಓಡಾಡುತ್ತಿದ್ದಾಗ, ಅವರ ಒಡೆಯನ ವಂಶದ ಬಿಳಿಯ ಕಾರ್ಟರ್ ಪ್ರುವಿಟ್ ಕೇಕು ಹಿಡಿದು ಬಂದ. ಒಡೆಯನ ಮನೆತನದ ಹೆಸರೇ ಗುಲಾಮರ ಮಕ್ಕಳಿಗೂ ಅಂಟಿ ನಮ್ಮವರೆಗೆ ಬಂದಿತ್ತು. ಕಲ್ಲನ್ನು ತಾನೇ ಕೊಡಿಸುತ್ತೇನೆಂದ. ನಾವೆಲ್ಲ ಕೇಕು ತಿಂದೆವು, ಓಜೆಲ್ಲಾ ಮುಟ್ಟಲಿಲ್ಲ.

"ಪುಕ್ಕಟೆ ಕಲ್ಲಂತೆ! ಏನೋ ಇದೆ ಇದರಲ್ಲಿ," ಎಂದು ನನ್ನ ಕಿವಿಯಲ್ಲಿ ಗೊಣಗಿದಳು.

ಕಾರ್ಟರ್ ಕಲ್ಲಿನ ನಕ್ಷೆ ಬಿಡಿಸಿದ: ಡೈನಾ ಪ್ರುವಿಟ್, ಕಫಿ ಪ್ರುವಿಟ್, ಜೂಬಾ ಪ್ರುವಿಟ್.

"ಬರೀ ಹೆಸರಿದ್ರೆ ಬೋಳುಬೋಳಾಗಿರುತ್ತೆ ಅಮ್ಮಾ. ಮನೆತನದ ಹೆಸರೂ ಇದ್ರೆ ಗೌರವ."

"ಯಾರ ಮನೆತನವಯ್ಯಾ?" ಓಜೆಲ್ಲಾ ಎದ್ದು ನಿಂತಳು. "ಸತ್ತು ಇಷ್ಟು ಕಾಲ ಆದ್ಮೇಲೂ ನಿಮ್ಮಜ್ಜನ ಗೂಟಕ್ಕೇ ಕಟ್ತೀಯಾ? ಆ ಬಾಲ ಕತ್ತರಿಸು."

ಅವನು ನಕ್ಕ. "ನಿಮ್ಮ ಹೆಸರಲ್ಲೂ ಅದೇ ಇದೆಯಲ್ಲಮ್ಮಾ?"

"ಇದೆ. ನನಗೆ ಬಾಯಿದೆ, ದಿನಾ ಅದನ್ನ ಬೈಕೊಂಡೇ ಬದುಕ್ತೀನಿ. ಅವರಿಗೆ ಬಾಯಿಲ್ಲ. ಅದಕ್ಕೇ ನೀನು ಅವರ ಹತ್ರ ಬಂದಿರೋದು."