ನಜ್ರಾನಿನ ಗೋಡೆಯಲ್ಲಿ ನನ್ನ ಕೋವಿ

"ಎಷ್ಟು ಚಂದ ಉಂಟು!" ಎಂದ ಒಂದೇ ಮಾತಿಗೆ ನಾನು ಸೌದಿಯಲ್ಲಿ ಒಂದು ಕೋವಿಯ ಮಾಲೀಕನಾಗಿಬಿಟ್ಟೆ.

ಎಂಬತ್ತರ ದಶಕ. ನಜ್ರಾನಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಊರಲ್ಲಿ ನನ್ನ ಮದುವೆ ನಿಶ್ಚಯವಾಗಿತ್ತು, ಪಾಸ್‌ಪೋರ್ಟ್ ಮಾತ್ರ ನನ್ನ ಧಣಿ, ಅಂದರೆ ಕಫೀಲ್ ಅಬು ಸಾಲೆಹರ ಕಪಾಟಿನಲ್ಲಿ.

ಒಳ್ಳೆಯ ಮನುಷ್ಯ, ಆದರೆ ಹಳೆಯ ಕೋವಿಗಳ ಹುಚ್ಚು. ಪ್ರತಿ ಶುಕ್ರವಾರ ನಮಾಜ್ ಮುಗಿಸಿ, ತುಕ್ಕು ತೆಗೆಯಲು ನನ್ನನ್ನೂ ಕರೆದುಕೊಂಡು ಸೂಕ್ ಎಂಬ ಸಂತೆ, ಹಳ್ಳಿ, ಡೇರೆ ಎಲ್ಲ ಸುತ್ತುತ್ತಿದ್ದರು.

ರಜೆ ಕೇಳಿದರೆ ಒಂದೇ ಉತ್ತರ. ನೆಂಟರು ಕೂರುವ ಮಜ್ಲಿಸಿನ ಗೋಡೆಯಲ್ಲಿ ಒಂದು ಒಳ್ಳೆಯ ಕೋವಿ ನಿಲ್ಲಲಿ, ಆಮೇಲೆ ಹೋಗು.

ವಿಚಿತ್ರ ಏನೆಂದರೆ, ತಂದ ಕೋವಿ ಆ ಗೋಡೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ! ನಾನು ಉಜ್ಜಿ, ಎಣ್ಣೆ ಹಾಕಿ ತೂಗುಹಾಕುವುದು... ಕೆಲವೇ ದಿನಕ್ಕೆ ಮೊಳೆ ಮಾತ್ರ ಉಳಿಯುವುದು. ಕೇಳುವ ಧೈರ್ಯ ನನಗಿಲ್ಲ.

ಆ ಶುಕ್ರವಾರ ಹೋದದ್ದು ಮರುಭೂಮಿಯ ಬದೂ ಜನಾಂಗದ ಒಬ್ಬ ವೃದ್ಧರ ಮನೆಗೆ. ಗೋಡೆಯಲ್ಲಿ ಉದ್ದ ನಳಿಗೆಯ, ಬೆಳ್ಳಿ ಪಟ್ಟಿ ಸುತ್ತಿದ ಕೋವಿ. ಕಫೀಲ್ ಅದರತ್ತ ನೋಡಿಯೂ ನೋಡದವರಂತೆ ಅರಬಿ ಕಾಫಿ ಕಹ್ವಾ ಕುಡಿಯುತ್ತಾ ಮಳೆ, ಒಂಟೆ, ಖರ್ಜೂರ ಎಂದು ಮಾತಾಡುತ್ತಿದ್ದಾರೆ.

ನನಗೋ ಸುಳ್ಯದ ಮನೆಯಲ್ಲಿ ಮಂಗ ಓಡಿಸಲು ಅಪ್ಪ ಇಟ್ಟಿದ್ದ ಕೇಪಿನ ಕೋವಿ ನೆನಪಾಯಿತು. ತಡೆಯಲಾಗಲಿಲ್ಲ. ನನ್ನ ಹರಕು ಅರಬಿಯಲ್ಲಿ ಬಾಯಿ ತುಂಬ ಹೊಗಳಿದೆ.

ಅಜ್ಜ ಎದ್ದರು. ಕೋವಿ ಇಳಿಸಿ ನನ್ನ ಮಡಿಲಲ್ಲಿಟ್ಟರು. ನಿನ್ನದು, ತಗೋ!

ಕಫೀಲರಿಗೆ ಕಹ್ವಾ ನೆತ್ತಿಗೇರಿತು.

ವಾಪಸಾಗುವಾಗ ಪಿಕಪ್‌ನಲ್ಲಿ ಡ್ರೈವರ್ ಹಮೀದ್, ನಮ್ಮ ಉಪ್ಪಿನಂಗಡಿಯವನು, ಮೆಲ್ಲ ಹೇಳಿದ: "ಎಂತ ಮಾಡಿದ್ದು ಮಾರಾಯ ನೀನು? ಇಲ್ಲಿ ಮನೆಗೆ ಬಂದವ ಚಂದ ಉಂಟು ಅಂದ್ರೆ ಕೊಡ್ಲೇಬೇಕು. ಇವರ ಗೋಡೆ ಖಾಲಿ ಆದದ್ದು ಮತ್ತೆ ಹೇಗೆ?"

ಕಫೀಲರು ಕಣ್ಣಿಟ್ಟ ಕೋವಿ ನನ್ನ ಪಾಲಾಗಿತ್ತು. ರಜೆ ಹೋಯಿತು, ಮದುವೆಯೂ ಹೋಯಿತು. ಇಕಾಮಾ ಪರ್ಮಿಟ್ಟಿನಲ್ಲಿರುವ ಪರದೇಶಿಯ ಕೈಯಲ್ಲಿ ಕೋವಿ ಕಂಡರೆ ಜೈಲು ಬೇರೆ!

"ನೀವೇ ಇಟ್ಟುಕೊಳ್ಳಿ" ಎಂದು ಕಫೀಲರಿಗೆ ಕೈ ಮುಗಿದೆ. ಅವರು ಒಪ್ಪಲಿಲ್ಲ. ಅಜ್ಜ ಕೊಟ್ಟದ್ದು ನಿನಗೆ, ನಾನು ತೆಗೆದುಕೊಂಡರೆ ಅವರಿಗೆ ಅವಮಾನ ಎಂದರು.

ಹೆದರಿಕೆಯಲ್ಲೇ ಒಂದು ದಾರಿ ಹೊಳೆಯಿತು. "ಹಾಗಾದರೆ ನನ್ನದಾಗಿಯೇ ಇರಲಿ. ನಿಮ್ಮ ಗೋಡೆಯಲ್ಲಿರಲಿ, ನೀವು ಕಾಯಬೇಕು. ಅಮಾನತ್" ಎಂದೆ. ನಂಬಿ ಒಪ್ಪಿಸಿದ ವಸ್ತುವನ್ನು ಅಲ್ಲಿ ಯಾರೂ ಇನ್ನೊಬ್ಬರಿಗೆ ಕೊಡುವುದಿಲ್ಲ.

ಕಫೀಲ್ ತೊಡೆ ತಟ್ಟಿ ನಕ್ಕರು ನೋಡಿ, ಹಮೀದ್ ಹೆದರಿ ಬ್ರೇಕ್ ಹಾಕಿದ!

ಮುಂದಿನ ಶುಕ್ರವಾರ ನೆಂಟರು ಬಂದರು. ನಿರೀಕ್ಷೆಯಂತೆ ಕೋವಿ ನೋಡಿ ಹೊಗಳಿದರು. ಕಫೀಲ್ ಎದೆಯ ಮೇಲೆ ಕೈಯಿಟ್ಟು ಬಹಳ ದುಃಖದಿಂದ ಹೇಳುತ್ತಾರೆ: "ಏನು ಮಾಡಲಿ, ನನ್ನದಲ್ಲ. ಈ ಹುಡುಗನ ಅಮಾನತ್."

ಕೋವಿ ಗೋಡೆಯಲ್ಲೇ ಉಳಿಯಿತು. ಮರುದಿನ ಪಾಸ್‌ಪೋರ್ಟ್ ನನ್ನ ಕೈಯಲ್ಲಿತ್ತು. ಆ ಖುಷಿ ಇವತ್ತಿಗೂ ನೆನಪಿದೆ.

ಮದುವೆ ಮುಗಿಸಿ ವಾಪಸ್ ಹೋದರೆ ಗೋಡೆ ತುಂಬ ಕೋವಿಗಳು! ಕಫೀಲ್ ಕಿವಿಯಲ್ಲಿ ಹೇಳಿದರು, "ಎಲ್ಲವೂ ನಿನ್ನವೇ. ಯಾರಾದರೂ ಕೇಳಿದರೆ ಹೌದು ಅನ್ನು."

ಹೆಂಡತಿ ಈಗಲೂ ಚುಚ್ಚುವುದುಂಟು: "ಒಂದು ಗೋಡೆ ಕೋವಿ ಇದ್ದ ಜನ, ತಂದದ್ದು ಒಂದು ಟೇಪ್ ರೆಕಾರ್ಡರ್!"

ಹೊಗಳಿದ ತಪ್ಪಿಗೆ ನಿಮಗೂ ಹೀಗೆ ಏನಾದರೂ ಗಂಟುಬಿದ್ದದ್ದು ಉಂಟಾ?