ಮುಂದಕ್ಕೆ ಹೋಗುವ ಕೈ

ಹಿರಿಯೂರಿನಿಂದ ಐಮಂಗಲದ ಬಸ್ ಹತ್ತಿದಾಗ ಬಿಸಿಲಿನ್ನೂ ಎಳೆಯದಾಗಿತ್ತು. ಹೆಂಗಸಾದ್ದರಿಂದ ನನಗೆ ಟಿಕೆಟ್ ದುಡ್ಡಿಲ್ಲ. ಕಂಡಕ್ಟರ್ ಸೊನ್ನೆ ಚೀಟಿ ಹರಿದು ಕೊಟ್ಟು, "ಒಳಗೆ ಹೋಗ್ರಿ ಅಕ್ಕ" ಅಂದರು. ಅಂದು ಐಮಂಗಲದ ಮೈದಾನದಿಂದ, ಗೈರೋಪ್ಲೇನ್ ಎಂಬ ತೆರೆದ ಪುಟ್ಟ ಹಾರುಯಂತ್ರದಲ್ಲಿ ನನ್ನ ಕೊನೆಯ ಪಾಠ.

ಹದಿನೆಂಟು ವರ್ಷ ಸಣ್ಣ ವಿಮಾನ ಹಾರಿಸಿದವಳು ನಾನು. ಕಾಲುವೆಗಳ ಮೇಲೆ ತಗ್ಗಿನಲ್ಲಿ ಹಾರಿ ಚಿತ್ರ ತೆಗೆಯುವ ಕೆಲಸ ಸಿಗುವಂತಿತ್ತು, ಅದಕ್ಕೆ ಈ ಯಂತ್ರ ಕಲಿಯಬೇಕಿತ್ತು. ನನಗಿದ್ದ ಭಯ ಯಂತ್ರದ್ದಲ್ಲ, ನನ್ನ ಬಲಗೈಯದು. ವಿಮಾನದ ಮೂತಿ ಎದ್ದು ವೇಗ ಇಳಿದರೆ ನಡೆಸುವ ಕೋಲನ್ನು ಮುಂದಕ್ಕೆ ಒತ್ತಬೇಕು, ಅದರಿಂದ ಜೀವ ಉಳಿಯುತ್ತದೆ. ಗೈರೋಪ್ಲೇನಿನಲ್ಲಿ ಹಾಗೆ ಥಟ್ಟನೆ ಒತ್ತಿದರೆ ಜೀವ ಹೋಗುತ್ತದೆ. ತಲೆಯ ಮೇಲಿನ ಉದ್ದನೆಯ ರೆಕ್ಕೆಯನ್ನು ಹಾರುವಾಗ ತಿರುಗಿಸುವುದು ಎಂಜಿನ್ನಲ್ಲ, ಕೆಳಗಿನಿಂದ ನುಗ್ಗುವ ಗಾಳಿ. ಒತ್ತಿದಾಗ ಆ ಗಾಳಿ ತಪ್ಪುತ್ತದೆ, ರೆಕ್ಕೆ ಸೋಲುತ್ತದೆ, ಯಂತ್ರ ಮಗುಚುತ್ತದೆ.

ಪಾಠ ಹೇಳುವ ರುದ್ರಪ್ಪನವರು ಹೊಳಲ್ಕೆರೆ ಕಡೆಯವರು. ಶಿಷ್ಯರು ತಯಾರಾಗಿದ್ದಾರೆ, ಇಲ್ಲ ಎಂದು ಅವರು ಎಂದೂ ಬಾಯಿಬಿಟ್ಟು ಹೇಳುವವರಲ್ಲ. ಕೊನೆಯ ಪಾಠ ಮುಗಿದ ಮೇಲೆ ಕೀಲಿ ಕೈಗಿತ್ತು, "ನಾಳೆ ಒಬ್ರೇ ಹೋಗ್ತೀರಾ?" ಎಂದು ಕೇಳುತ್ತಾರೆ, ಅಷ್ಟೇ. ಹೊರಡುವ ಮುಂಚೆ ನನ್ನ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿದುಕೊಳ್ಳುತ್ತ, "ಒಬ್ರೇ ಹೋಗೋ ದಿನ ಈ ಹಿಂದಿನ ಬೆಲ್ಟುಗಳ್ನ ಸೀಟಿಗೆ ಗಟ್ಟಿಯಾಗಿ ಕಟ್ಬೇಕು. ಸಡಿಲ ಇದ್ರೆ ಹಿಂದಿನ ಕೋಲಿಗೆ ಸಿಕ್ಕಂತಾವೆ" ಅಂದರು.

ವಾಣಿವಿಲಾಸದ ನೀರು ದಾಟಿ ಹೊಸದುರ್ಗದ ಕಡೆ ತಿರುಗಿದೆವು. ತೆಂಗಿನ ಗರಿಗಳು ಕಾಲಡಿಯಲ್ಲೇ ಓಡುತ್ತಿದ್ದವು. ಗಾಳಿ ಬೆನ್ನಿಗೆ ಬಂದಿತ್ತು; ನೆಲ ಓಡುವ ರಭಸ ನೋಡಿ ವೇಗ ಹೆಚ್ಚಾಯಿತೆಂದು ಎಂಜಿನ್ ತಗ್ಗಿಸಹೋದೆ.

"ನೆಲ ನೋಡಬ್ಯಾಡ್ರಿ, ಮುಳ್ಳು ನೋಡ್ರಿ" ಎಂದಿತು ಕಿವಿಯಲ್ಲಿ ಅವರ ದನಿ. ವೇಗದ ಮುಳ್ಳು ಆಗಲೇ ಇಳಿದಿತ್ತು. ಎಂಜಿನ್ ಮತ್ತೆ ಏರಿಸಿದೆ.

ಮುಂದೆ ಕರೆಂಟಿನ ಸಾಲು ಬಂತು. "ತಂತಿ ಕಣ್ಣಿಗೆ ಬೀಳಲ್ಲ. ಕಂಬ ಹುಡುಕ್ರಿ, ಕಂಬದ ಮ್ಯಾಲೇ ದಾಟ್ರಿ." ದಾಟಿದೆ.

ಹೊಳಲ್ಕೆರೆಯ ಹೊರಗೆ ಅವರ ಅಕ್ಕ ಗಿರಿಜಮ್ಮನವರ ಬೀಳು ಹೊಲದಲ್ಲಿ ಇಳಿದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಾಯುತ್ತಿದ್ದವು. ಗಿರಿಜಮ್ಮ ಯಂತ್ರವನ್ನು ಒಂದು ಸುತ್ತು ಬಂದು, "ಬಾಗ್ಲೇ ಇಲ್ವಲ್ಲೋ ಇದಕ್ಕೆ" ಅಂದರು. "ಬಾಗ್ಲು ಇದ್ರೆ ಇವರು ಯಾವಾಗ್ಲೋ ತೆಗೆದು ಇಳಿದು ಹೋಗ್ತಿದ್ರು" ಎಂದು ರುದ್ರಪ್ಪ ನನ್ನತ್ತ ನೋಡಿ ನಕ್ಕರು. ನಾನೂ ನಕ್ಕೆ.

ಮತ್ತೆ ಹಾರಿ ಮರಳುವಾಗ ಚಿತ್ರದುರ್ಗದ ಗುಡ್ಡಗಳ ಹತ್ತಿರ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ದೂರದಿಂದಲೇ ಸುತ್ತಿಕೊಂಡು ಹೋದೆವು. ಆದರೂ ಗುಡ್ಡ ದಾಟಿ ಬಂದ ಗಾಳಿ ಕೆಳಗಿನಿಂದ ಗುದ್ದಿ ಮೂತಿಯನ್ನು ಮೇಲೆತ್ತಿತು. ಎಂಜಿನ್ ತುಸು ತಗ್ಗಿಸಿ ಕೈ ಹದವಾಗಿ ಇಟ್ಟುಕೊಳ್ಳಬೇಕೆಂದು ನನಗೆ ಬಾಯಿಪಾಠವಾಗಿತ್ತು. ಕೈ ಮಾತ್ರ ಮುಂದಕ್ಕೆ ಹೋಯಿತು.

ಕೋಲು ಅಲುಗಲಿಲ್ಲ. ಸಿಕ್ಕಿಕೊಂಡಿತೆಂದು ಜೀವ ಬಾಯಿಗೆ ಬಂತು. ಆಮೇಲೆ ತಿಳಿಯಿತು, ಹಿಂದಿನ ಸೀಟಿನಲ್ಲಿದ್ದ ಜೋಡಿ ಕೋಲಿನ ಮುಂದೆ ರುದ್ರಪ್ಪನವರು ಮುಷ್ಟಿ ಅಡ್ಡ ಇಟ್ಟಿದ್ದರು. "ಹ್ಞೂಂ, ಈಗ ಎಂಜಿನ್ ತಗ್ಗಿಸ್ರಿ" ಅಂದರು. ತಗ್ಗಿಸಿದೆ.

ಐಮಂಗಲದಲ್ಲಿ ಇಳಿದ ಮೇಲೆ ಕೀಲಿ ಕೊಟ್ಟರು. "ನಾಳೆ ಒಬ್ರೇ ಹೋಗ್ತೀರಾ?"

ಕೆಲಸ ಕೈತಪ್ಪೀತೆಂಬ ಆತುರ. "ಹೋಗ್ತೀನಿ" ಅಂದುಬಿಟ್ಟೆ. ಅವರು ತಲೆಯಾಡಿಸಿದರು.

ಹಿರಿಯೂರಿಗೆ ಮರಳುವ ಬಸ್ಸಿಗೆ ಕುರಿಮಂದೆ ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದರು. ಬಸ್ ನಿಂತು ಎಲ್ಲರೂ ಹಿಂದಕ್ಕೆ ಒರಗಿದ ಮೇಲೂ ನನ್ನ ಬಲಗೈ ಮುಂದಿನ ಸೀಟಿನ ಸರಳನ್ನು ಮುಂದಕ್ಕೇ ಒತ್ತುತ್ತಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಪಕ್ಕದ ಹೆಂಗಸು, "ಬಿಡ್ರಮ್ಮ, ಬಸ್ಸು ಡ್ರೈವರು ನೋಡ್ಕಂತಾನೆ" ಅಂದಳು. ಅಲ್ಲಿ ಮುಷ್ಟಿ ಅಡ್ಡ ಇಡುವವರು ಯಾರೂ ಇರಲಿಲ್ಲ. ನಾಳೆಯೂ ಇರುವುದಿಲ್ಲ. ಅಲ್ಲೇ ಇಳಿದು ಆಟೋ ಹಿಡಿದು ಹಿಂದಿರುಗಿದೆ.

ರುದ್ರಪ್ಪನವರು ಯಂತ್ರದ ರೆಕ್ಕೆಗೆ ಹಗ್ಗ ಕಟ್ಟುತ್ತಿದ್ದರು. ಕೀಲಿ ಚಾಚಿ, "ಈ ಕೈ ಇನ್ನೂ ಮುಂದಕ್ಕೇ ಹೋಗುತ್ತೆ ಸರ್. ನನಗೆ ಹೆದರಿಕೆ" ಅಂದೆ.

ಅವರು ಕೀಲಿ ತೆಗೆದುಕೊಳ್ಳಲಿಲ್ಲ. "ಇಟ್ಕಳ್ರಿ. ನಾಳೆ ಇಬ್ರೂ ಹೋಗಾಣ."

ಗೇಟಿನವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದೆ. ರೆಕ್ಕೆ ಕಟ್ಟಿಯಾಗಿತ್ತು, ಮುಂದಿನ ಸೀಟಿಗೆ ಹೊದಿಕೆಯೂ ಬಿದ್ದಿತ್ತು. ನಾನು "ಹೋಗ್ತೀನಿ" ಅಂದ ಮೇಲೂ ಹಿಂದಿನ ಸೀಟಿನ ಬೆಲ್ಟುಗಳನ್ನು ಅವರು ಕಟ್ಟಿಯೇ ಇರಲಿಲ್ಲ.