ಚಂದ್ರಕಲಾ ಇಲ್ಲದ ಹತ್ತು ದಿನ

ಸಿಂಧಘಟ್ಟದ ಹೊರಗಿರುವ ಮಿಡಿಸೌತೆ ಶೆಡ್ಡಿನಲ್ಲಿ ಚಂದ್ರಕಲಾಳಿಗೆಂದು ಒಂದು ಕುರ್ಚಿ ಇದೆ. ಅವಳು ಅದರಲ್ಲಿ ಕೂತದ್ದನ್ನು ಕಂಡವರು ಕಡಿಮೆ. ದಿನವಿಡೀ ಅಲ್ಲಿ ಕೂರುವುದು ಹೆಂಗಸರ ಊಟದ ಡಬ್ಬಿಗಳು.

ಹನ್ನೊಂದು ವರ್ಷದ ಹಿಂದೆ ಸೊಟ್ಟಕಾಯಿ ಆರಿಸುವ ಕೂಲಿಗೆ ಬಂದವಳು, ಈಗ ನಲವತ್ತು ಹೆಂಗಸರಿಗೆ ಮೇಸ್ತ್ರಿ. ಬೆಳಿಗ್ಗೆ ಹೊಲಗಳಿಂದ ಬಂದ ಕಾಯಿ ಸಂಜೆಯೊಳಗೆ ಗಾತ್ರಕ್ಕೆ ತಕ್ಕಂತೆ ಬೇರೆಯಾಗಿ ಉಪ್ಪುನೀರಿನ ಡ್ರಮ್ಮು ಸೇರಬೇಕು. ಒಂದು ರಾತ್ರಿ ಉಳಿದರೆ ಮೆತ್ತಗಾಗುತ್ತದೆ, ಹೊರದೇಶದವರು ಮುಟ್ಟುವುದಿಲ್ಲ. ಹಾಗಾಗಿ ಕಾಯಿ ಸಾಗುವ ಬೆಲ್ಟಿನ ಪಕ್ಕ ಒಂದು ಜಾಗವೂ ಖಾಲಿ ಇರುವಂತಿಲ್ಲ.

ಅದಕ್ಕೆ ಚಂದ್ರಕಲಾ ಯಾರನ್ನೂ ಗದರಿಸಲಿಲ್ಲ. ನಾಟಿ ಕಾಲದಲ್ಲಿ ಊರಿನವರು ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂದು, ಅದನ್ನೇ ಶೆಡ್ಡಿಗೂ ತಂದಳು. ರಜೆ ಬೇಕಾದವಳು ತನ್ನ ಬದಲಿಗೆ ಕೆಲಸ ಬಲ್ಲ ಇನ್ನೊಬ್ಬಳನ್ನು ಕಳಿಸಿ, ಮುಂದೆ ಆ ದಿನವನ್ನು ತೀರಿಸಬೇಕು. ಚಂದ್ರಕಲಾಳನ್ನು ಕೇಳಬೇಕಾಗಿಯೇ ಇಲ್ಲ.

ಇದೇ ಹೋದ ವರ್ಷ ಅವಳಿಗೆ ಮುಳುವಾಯಿತು. ಅಮೆರಿಕದಿಂದ ಬಂದಿದ್ದ ಕೊಳ್ಳುವವರು, ‘ನಾಳೆ ಯಾರು ರಜೆ?’ ಎಂದಾಗ, ‘ಗೊತ್ತಿಲ್ಲ ಸಾ, ಅವರವರೇ ನೋಡ್ಕತಾರೆ’ ಎಂದುಬಿಟ್ಟಿದ್ದಳು. ಜನರ ಮೇಲೆ ಹಿಡಿತವಿಲ್ಲದ ಹೆಂಗಸು ಎಂದು ಅವರು ಪತ್ರ ಬರೆದರು. ಶೆಡ್ಡಿನ ಮಾಲೀಕ ತಿಮ್ಮರಾಜು ಆ ಪತ್ರವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು.

ಈ ಶ್ರಾವಣದಲ್ಲಿ ಹಾಲೆಂಡಿನ ಕಂಪನಿಯ ಯೋಹಾನಾ ಬರುವವರಿದ್ದರು. ಶೆಡ್ಡಿಗೆ ಒಬ್ಬ ಮ್ಯಾನೇಜರು ಇರಲೇಬೇಕು ಎಂಬುದು ಅವರ ಷರತ್ತು. ಚಂದ್ರಕಲಾ ಅವರಿಗೆ ಒಪ್ಪಿಗೆಯಾದರೆ ಅವಳೇ, ಇಲ್ಲವಾದರೆ ಮೈಸೂರಿನ ಒಬ್ಬರನ್ನು ತಿಮ್ಮರಾಜು ಆಗಲೇ ಮಾತಾಡಿಟ್ಟಿದ್ದರು. ಆಗ ಇವಳು ಮತ್ತೆ ಸೊಟ್ಟಕಾಯಿ ಆರಿಸಬೇಕು.

“ನೋಡವ್ವ, ಏನ್ ಕೇಳುದ್ರೂ ‘ನಾನೇ ಮಾಡ್ಸ್ದೆ’ ಅನ್ನು. ಗೊತ್ತಿಲ್ಲ ಅನ್ಬ್ಯಾಡ. ಒಸಿ ಗದರ್ಸು ಜನಾನ. ಗದರ್ಸ್‌ದೆ ಇರೋಳ್ನ ಯಾರ್ ಮ್ಯಾನೇಜರ್ ಅಂತಾರೆ?”

“ಬೆಲ್ಟ್ ತಾವಿರೋ ಪುಟ್ಲಕ್ಷ್ಮಕ್ಕನ್ನ ಗದರ್ಸಾದಾ? ಆಮ್ಯಾಕೆ ಅವ್ಳು ನನ್ನ ಊರೊಳೀಕೆ ಬುಟ್ಟಾಳಾ, ತಿಮ್ಮರಾಜಣ್ಣ?”

“ಒಂದ್ ದಿನದ್ ಮಟ್ಟಿಗೆ ಕಣವ್ವ!”

ಚಂದ್ರಕಲಾ ನಕ್ಕಳು. ಆದರೆ ಅವಳೊಳಗೆ ಬೇರೆಯೇ ಒಂದು ಅಳುಕಿತ್ತು. ಹೋದ ಕಾರ್ತಿಕದಲ್ಲಿ ಮಗಳು ತನುಶ್ರೀಗೆ ಡೆಂಗಿ ಆಗಿ, ಮಂಡ್ಯದ ಆಸ್ಪತ್ರೆಯಲ್ಲಿ ಹತ್ತು ದಿನ ಮಂಚದ ಪಕ್ಕ ಕೂತಿದ್ದಳು. ತಿಮ್ಮರಾಜು ಆಗ ತಂಗಿ ಮಗಳ ಮದುವೆಯ ಓಡಾಟದಲ್ಲಿದ್ದರು. ಅವರಿಗೆ ಎರಡು ದಿನ ಎಂದಷ್ಟೇ ಹೇಳಿದ್ದಳು. ಆ ಹತ್ತು ದಿನದಲ್ಲಿ ಶೆಡ್ಡಿನಲ್ಲಿ ಒಂದು ಕಾಯಿಯೂ ಕೆಟ್ಟಿರಲಿಲ್ಲ. ಖುಷಿಪಡಬೇಕಿತ್ತು. ಆದರೆ ತನ್ನ ಮಗು ಬೇರೆಯವರ ಕೈತುತ್ತನ್ನು ನಗುನಗುತ್ತಾ ಉಂಡಾಗ ತಾಯಿಗೆ ಒಂದು ಕಸಿವಿಸಿಯಾಗುತ್ತದಲ್ಲ, ಅಂಥದ್ದೇ ಅವಳಿಗೂ ಆಯಿತು. ನಾನಿಲ್ಲದೆಯೂ ನಡೆಯುವುದಾದರೆ ನಾನು ಯಾಕೆ ಬೇಕು?

ಯೋಹಾನಾ ಬಂದ ದಿನ ನಾಲೆಗೆ ನೀರು ಬಿಟ್ಟು ಮೂರು ದಿನವಾಗಿತ್ತು. ಊರೆಲ್ಲ ನಾಟಿ. ಆಕೆ ಕೈಯಲ್ಲಿದ್ದ ಹೆಸರಿನ ಪಟ್ಟಿ ನೋಡಿದರು, ಬೆಲ್ಟಿನ ಉದ್ದಕ್ಕೂ ಒಬ್ಬೊಬ್ಬರ ಹೆಸರು ಕೇಳುತ್ತಾ ನಡೆದರು, ಮತ್ತೆ ಪಟ್ಟಿ ನೋಡಿದರು. ಜೊತೆಗೆ ಬಂದಿದ್ದ ಬೆಂಗಳೂರಿನ ನಾಗಾರ್ಜುನ ಆಕೆಯ ಮಾತನ್ನು ಕನ್ನಡಕ್ಕೆ ತಂದ.

“ಇದ್ರಲ್ಲಿರೋ ಹದಿನಾಲ್ಕು ಜನ ಇವತ್ತು ಇಲ್ಲ. ಆದ್ರೂ ಒಂದು ಜಾಗ ಖಾಲಿ ಇಲ್ಲ. ಇದನ್ನ ಯಾರು ಮಾಡಿದ್ದು ಅಂತ ಕೇಳ್ತಿದ್ದಾರೆ.”

ತಿಮ್ಮರಾಜು ಕಣ್ಣಲ್ಲೇ ‘ಹೇಳು, ಹೇಳು’ ಎಂದರು. ಚಂದ್ರಕಲಾ “ನಾನೇ...” ಎಂದು ಶುರುಮಾಡಿದಳು. ಅಷ್ಟರಲ್ಲಿ ಬೆಲ್ಟಿನ ಆಚೆಯಿಂದ ಪುಟ್ಟಲಕ್ಷ್ಮಮ್ಮ ಕಿಸಕ್ಕನೆ ನಕ್ಕಳು.

“ಇವ್ಳಾ? ಏನೂ ಮಾಡಾಕಿಲ್ಲ ಕಣಪ್ಪ ಇವ್ಳು! ಬೆಳಿಗ್ಗೆ ಬತ್ತಾಳೆ, ಎಲ್ರ ಮಕ ನೋಡ್ತಾಳೆ, ಯಾರ್ಗ್ ಜ್ವರ ಯಾರ್ಗ್ ಬ್ಯಾಸರ ಅಂತ ಇಚಾರುಸ್ತಾಳೆ. ಕೆಲ್ಸ ನಮ್ದು. ಮಗೀಗೆ ಜ್ವರ ಬಂದು ಹತ್ ದಿನ ಆಸ್ಪತ್ರೆಲಿದ್ಲಲ್ಲ, ಒಂದ್ ಕಾಯಾದ್ರೂ ಕೆಡ್ತಾ, ಕೇಳಪ್ಪ!”

ಹೆಂಗಸರೆಲ್ಲ ಹೋ ಎಂದರು. ತಿಮ್ಮರಾಜು ಹಣೆ ಒತ್ತಿಕೊಂಡರು. ನಾಗಾರ್ಜುನ ಚಂದ್ರಕಲಾಳ ಕಡೆ ಬಾಗಿ ಮೆಲ್ಲಗೆ ಕೇಳಿದ: “ಅಕ್ಕಾ, ಇದನ್ನೂ ಹೇಳ್ಲಾ?”

“ಬ್ಯಾಡ ಬುಡಪ್ಪ,” ಎಂದರು ತಿಮ್ಮರಾಜು.

ಚಂದ್ರಕಲಾ ಪುಟ್ಟಲಕ್ಷ್ಮಮ್ಮನ ಮುಖ ನೋಡಿದಳು. ಬಾಯಿ ಆಡಿಕೊಳ್ಳುತ್ತಿತ್ತು, ಕಣ್ಣು ಬೀಗುತ್ತಿತ್ತು. ಎಲ್ಲ ನಾನೇ ಮಾಡಿಸಿದೆ ಎಂದರೆ ಆ ಹತ್ತು ದಿನವನ್ನು ಇವರ ಕೈಯಿಂದ ಕಿತ್ತುಕೊಂಡ ಹಾಗೆ.

“ಯೋಳಪ್ಪ,” ಎಂದಳು. “ಇರಾದೇ ಅದು.”

ಅವನು ಹೇಳಿದ. ಯೋಹಾನಾ ಪೆನ್ನು ಕೆಳಗಿಟ್ಟರು. ಹತ್ತು ದಿನವೂ ಇರಲಿಲ್ಲವೇ? ಫೋನೂ ಮಾಡಲಿಲ್ಲವೇ?

“ಒಂದ್ಸಲ ಮಾಡ್ದೆ. ‘ಮಗೀನ ನೋಡ್ಕೊ ಓಗು’ ಅಂತ ಬೈದು ಮಡಗ್ಬುಟ್ಲು ಈ ಅಕ್ಕ.”

ಯೋಹಾನಾ ಜೋರಾಗಿ ನಕ್ಕರು. ಆಮೇಲೆ ಅವರು ಹೇಳಿದ್ದನ್ನು ನಾಗಾರ್ಜುನ ನಿಧಾನವಾಗಿ ಹೇಳಿದ. “ಮ್ಯಾನೇಜರ್ ಇಲ್ಲದಿದ್ದಾಗ ಕೆಲಸ ಹೇಗೆ ನಡೆಯುತ್ತೆ ಅಂತಾನೇ ನಮ್ಮ ಆಫೀಸಿನಲ್ಲಿ ಮೊದಲು ನೋಡೋದು ಅಂತಿದ್ದಾರೆ. ಮ್ಯಾನೇಜರ್ ಅಂತ ಫಾರಮ್ಮಿಗೆ ನಿಮ್ಮ ಹೆಸರೇ ಹಾಕ್ತಾರಂತೆ. ಆದ್ರೆ ಒಂದು ತಪ್ಪಿದೆಯಂತೆ. ಬೆಂಕಿಗಿಂಕಿ ಬಿದ್ರೆ ಒಳಗೆ ಯಾರಿದ್ದಾರೆ ಅಂತ ಗೊತ್ತಾಗೋದು ಹೇಗೆ? ಬದಲಿಗೆ ಬಂದವರ ಹೆಸರು ದಿನಾ ಬೋರ್ಡಿನ ಮೇಲೆ ಇರ್ಬೇಕಂತೆ.”

ಕಾರು ಹೊರಟ ಮೇಲೂ ತಿಮ್ಮರಾಜು ಮುಖ ಗಂಟು ಹಾಕಿಕೊಂಡೇ ಇದ್ದರು. “ಮನೆಗ್ ಬಂದು ಮಕದ್ ಮೇಲೇ ತಪ್ಪು ಯೋಳಾದಾ? ಎಂಥ ಜನ್ವೋ! ಒಬ್ರಿಗೆ ಇಡಿತ ಬೇಕು, ಒಬ್ರಿಗೆ ಬ್ಯಾಡ. ಬರೋ ತಿಂಗ್ಳು ಜಪಾನಿನೋರು ಬತ್ತಾವ್ರೆ. ಅವ್ರ್ ಮುಂದೆ ಎಂಗಿರ್ಬೇಕೋ ಕಾಣೆ.”

“ಇಂಗೇ ಇರಾನ ಕಣಣ್ಣ. ಬೆಂಕಿ ಮಾತು ದಿಟ ಅಲ್ವಾ? ಬೋರ್ಡ್ ತರ್ಸು.”

ಬೋರ್ಡು ಬಂತು. ಮೊದಲ ಸಾಲನ್ನು ಚಂದ್ರಕಲಾಳೇ ಸೀಮೆಸುಣ್ಣದಲ್ಲಿ ಬರೆದಳು: ಶುಕ್ರವಾರ, ಚಂದ್ರಕಲಾ ರಜೆ, ಬದಲಿಗೆ ಪುಟ್ಟಲಕ್ಷ್ಮಮ್ಮ. ಆವತ್ತು ತನುಶ್ರೀಯ ಶಾಲೆಯಲ್ಲಿ ಆಟೋಟ ಇತ್ತು. ಹನ್ನೊಂದು ವರ್ಷದಲ್ಲಿ ಕಾಯಿಲೆ ಕಸಾಲೆಗಲ್ಲದೆ ಅವಳು ಹಾಕಿದ ಮೊದಲ ರಜೆ.

ಶುಕ್ರವಾರ ಬೆಳಿಗ್ಗೆ ಪುಟ್ಟಲಕ್ಷ್ಮಮ್ಮ ಕುರ್ಚಿಯ ಮೇಲಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಸೆರಗಿನಿಂದ ಒಮ್ಮೆ ಒರೆಸಿ, ಕೂತು ನೋಡಿದಳಂತೆ. ಎರಡು ನಿಮಿಷಕ್ಕೇ ಎದ್ದು, “ಇಲ್ಲಿಂದ ಯಾರ್ ಮಕಾನೂ ಕಾಣಾಕಿಲ್ವಲ್ಲೇ” ಎಂದು ಬೆಲ್ಟಿನ ಕಡೆ ನಡೆದಳಂತೆ.